ಹಿಮದ ಮೇಲೆ ಸರಳೆ ವರಸೆ

"ಹಿಮದ ಮೇಲೆ ಜಾರುವ ಆಟದ ಸುದ್ದಿ ನಮಗೇಕ್ರೀ? ಜಾರಿ ಬೀಳುವುದಕ್ಕೆ ನಮ್ಮ ಬಚ್ಚಲುಮನೆಯ ಪಾಚಿಯೇ ಸಾಲದೇ?" ಎಂದು ನೀವು ನಗಬಹುದು. ನಗಿ, ಬೇಡವೆನ್ನುವುದಿಲ್ಲ. ಆದರೆ ಈ ಆಟದವರೊಳಗೆ ನೂರು ವರ್ಷಕ್ಕೂ ಮೇಲ್ಪಟ್ಟು ನಡೆದು ಬಂದ ಒಂದು ಜಗಳವಿದೆ. ಅದನ್ನು ಕೇಳಿದರೆ, ಇದು ನಮ್ಮ ಮನೆಯ ಜಗುಲಿಯ ಮೇಲಿನ ಮಾತೇ ಅಲ್ಲವೇ ಎಂದು ನಿಮಗೆ ಅನ್ನಿಸದೆ ಇರದು.

ಮಗಳನ್ನು ಸಂಗೀತದ ಪಾಠಕ್ಕೆ ಸೇರಿಸಿದ್ದೀರಿ ಎನ್ನಿ. ಮೂರು ತಿಂಗಳಾದರೂ ಸರಳೆ ವರಸೆ, ಜಂಟಿ ವರಸೆ. "ಹಾಡು ಯಾವಾಗಮ್ಮಾ ಹೇಳಿಕೊಡ್ತಾರೆ?" ಎಂದು ಅವಳು ಮೂತಿ ಉದ್ದ ಮಾಡುತ್ತಾಳೆ. "ವರಸೆ ಗಟ್ಟಿಯಾಗದೆ ಹಾಡು ನಿಲ್ಲೋದಿಲ್ಲ" ಎನ್ನುತ್ತಾರೆ ಮೇಷ್ಟರು. ಯಾರು ಸರಿ? ಸ್ಕೀ ಕಲಿಸುವ ಬೆಟ್ಟಗಳಲ್ಲೂ ಪ್ರಶ್ನೆ ಇದೇ. ಬಿಡಿಬಿಡಿಯಾದ ಡ್ರಿಲ್‌ಗಳನ್ನು ಮಾಡಿಸುತ್ತ ಕೂರಬೇಕೇ, ಅಥವಾ ಇಳಿಜಾರಿನಲ್ಲಿ ಬಿಟ್ಟು "ಇಳಿ, ಇಳೀತಾ ಇಳೀತಾ ಕಲಿ" ಎನ್ನಬೇಕೇ? ವ್ಯತ್ಯಾಸ ಇಷ್ಟೇ: ಹಾಡಿನಲ್ಲಿ ತಪ್ಪಿದರೆ ಕೇಳುವವರ ಕಿವಿಗೆ ನೋವು. ಅಲ್ಲಿ ತಪ್ಪಿದರೆ ಕಲಿಯುವವರ ಮೊಣಕಾಲಿಗೇ ಕುತ್ತು.

ಜಾರುವುದು ಸುಲಭ, ನಿಲ್ಲುವುದು ಕಷ್ಟ

ಸ್ಕೀ ಎಂದರೆ ಕಾಲಿಗೆ ಕಟ್ಟಿಕೊಳ್ಳುವ ಉದ್ದನೆಯ, ತೆಳ್ಳನೆಯ ಹಲಗೆ. ಮುಂತುದಿ ಮೇಲಕ್ಕೆ ಬಾಗಿರುತ್ತದೆ. ಎರಡೂ ಅಂಚಿಗೆ ಉಕ್ಕಿನ ಪಟ್ಟಿ ಇರುತ್ತದೆ. ಅಡಿಭಾಗ ನುಣುಪು. ಇಳಿಜಾರಿನಲ್ಲಿ ಮೂತಿಯನ್ನು ಕೆಳಕ್ಕೆ ತಿರುಗಿಸಿ ನಿಂತರೆ ಸಾಕು, ನೀವು ಏನೂ ಮಾಡಬೇಕಾಗಿಲ್ಲ, ಹಲಗೆ ತಾನೇ ಓಡುತ್ತದೆ. ಕಲಿಯಬೇಕಾದದ್ದು ಓಡುವುದನ್ನಲ್ಲ, ತಿರುಗುವುದನ್ನು ಮತ್ತು ನಿಲ್ಲುವುದನ್ನು.

ತಿರುಗಬೇಕಾದರೆ ಹಲಗೆಯನ್ನು ಅಂಚಿನ ಮೇಲೆ ವಾಲಿಸಬೇಕು. ಆಗ ಅಂಚು ಹಿಮವನ್ನು ಕಚ್ಚುತ್ತದೆ. ಎಡಕ್ಕೆ ತಿರುಗುವಾಗ ಬಲಗಾಲಿನ ಮೇಲೆ ಭಾರ, ಬಲಕ್ಕೆ ತಿರುಗುವಾಗ ಎಡಗಾಲಿನ ಮೇಲೆ ಭಾರ. ಅಂದರೆ ತಿರುವಿನ ಹೊರಗಡೆಯ ಕಾಲೇ ಮೈಯನ್ನು ಹೊರಬೇಕು. ಜೊತೆಗೆ ಮೈ ಸ್ವಲ್ಪ ಮುಂದಕ್ಕೆ, ಇಳಿಜಾರಿನ ಕಡೆಗೆ ಇರಬೇಕು. ಇಲ್ಲೇ ತೊಡಕು ಇರುವುದು. ಕೆಳಗೆ ಪ್ರಪಾತದಂತೆ ಕಾಣುವಾಗ ಯಾರ ಮೈಯಾದರೂ ಏನು ಮಾಡುತ್ತದೆ ಹೇಳಿ? ಹಿಂದಕ್ಕೆ ಸರಿಯುತ್ತದೆ, ಬೆಟ್ಟವನ್ನು ತಬ್ಬಿಕೊಳ್ಳಲು ನೋಡುತ್ತದೆ. ಹಿಂದಕ್ಕೆ ಸರಿದ ಕೂಡಲೇ ಹಲಗೆಯ ಮುಂಭಾಗದ ಭಾರ ತಪ್ಪುತ್ತದೆ, ಹಿಡಿತ ಹೋಗುತ್ತದೆ, ವೇಗ ಏರುತ್ತದೆ. ಹೆದರಿ ಮಾಡಿದ ಕೆಲಸವೇ ಹೆದರಿಕೆಗೆ ಇನ್ನಷ್ಟು ಕಾರಣವಾಗುತ್ತದೆ.

ಮೈಯ ಸಹಜ ಬುದ್ಧಿಗೆ ವಿರುದ್ಧವಾದದ್ದನ್ನು ಮೈಗೆ ಕಲಿಸುವುದು ಹೇಗೆ? ಜಗಳ ಹುಟ್ಟಿದ್ದೇ ಇಲ್ಲಿ.

ಒಂದೇ ಕೋಲೋ, ಎರಡು ಕೋಲೋ?

ಸ್ಕೀ ಆಟಕ್ಕೆ ತೌರುಮನೆ ನಾರ್ವೆ. ಅಲ್ಲಿನವರು ಉದ್ದ ಹಲಗೆ ಕಟ್ಟಿ ಗುಡ್ಡ-ಬಯಲುಗಳಲ್ಲಿ ಸಾಗುತ್ತಿದ್ದರು. ಆ ರೀತಿ ಆಲ್ಪ್ಸ್ ಪರ್ವತದ ಕಡಿದಾದ ಇಳಿಜಾರಿಗೆ ಒಗ್ಗದು ಎಂದು ಮೊದಲು ಗಟ್ಟಿಯಾಗಿ ಹೇಳಿದವನು ಆಸ್ಟ್ರಿಯಾದ ಮಥಿಯಾಸ್ ಜ್ಡಾರ್ಸ್ಕಿ. ಲಿಲಿಯೆನ್‌ಫೆಲ್ಡ್ ಎಂಬ ಊರಿನಲ್ಲಿ ನೆಲೆಸಿ, ತಾನೇ ಪ್ರಯೋಗ ಮಾಡಿ, 1890ರ ದಶಕದ ಕೊನೆಗೆ ಒಂದು ಪುಸ್ತಕವನ್ನೇ ಬರೆದ. ಕೈಯಲ್ಲಿ ಒಂದೇ ಉದ್ದನೆಯ ಕೋಲು, ಹಲಗೆಯ ಹಿಂಭಾಗವನ್ನು ಅಗಲಿಸಿ ತಿರುಗುವುದು, ಇದು ಅವನ ಪದ್ಧತಿ. ನಾರ್ವೆಯ ಪದ್ಧತಿಯ ಅಭಿಮಾನಿಗಳು ಕೆರಳಿದರು. ಪತ್ರಿಕೆಗಳಲ್ಲಿ ವರ್ಷಗಟ್ಟಲೆ ವಾಗ್ವಾದ ನಡೆಯಿತು. 1905ರಲ್ಲಿ ನಾರ್ವೆಯ ಹಾಸಾ ಹೋರ್ನ್ ಎಂಬಾತ ಖುದ್ದಾಗಿ ಬಂದು ನೋಡಿ, ಕಡಿದಾದ ಇಳಿಜಾರಿನಲ್ಲಿ ಜ್ಡಾರ್ಸ್ಕಿಯ ಪದ್ಧತಿ ಮೆಚ್ಚತಕ್ಕದ್ದೇ ಎಂದು ಒಪ್ಪಿಕೊಂಡ.

ಅದೇ ವರ್ಷದ ಮಾರ್ಚ್ 19ರಂದು ಮುಕೆನ್‌ಕೋಗೆಲ್ ಬೆಟ್ಟದ ಮೇಲೆ ಜ್ಡಾರ್ಸ್ಕಿ ಒಂದು ಪರೀಕ್ಷೆ ಏರ್ಪಡಿಸಿದ. ದಾರಿಯುದ್ದಕ್ಕೂ 85 ಜೊತೆ ಕಂಬ ನೆಟ್ಟು, ಅವುಗಳ ನಡುವೆ ತಿರುತಿರುಗಿ ಇಳಿಯಬೇಕು ಎಂದ. ಇಂದಿನ ಸ್ಲಾಲಮ್ ಸ್ಪರ್ಧೆಗೆ ಇದೇ ಮೊದಲ ಹೆಜ್ಜೆ. ಇಳಿದವರು 24 ಮಂದಿ. ಅವರಲ್ಲಿ ಒಬ್ಬಳೇ ಹೆಂಗಸು, ಮಿಟ್ಸಿ ಆಂಗರರ್. ಆ ಕಾಲದ ಉದ್ದ ಲಂಗದ ದಿನಗಳಲ್ಲಿ ಅಷ್ಟು ಗಂಡಸರ ನಡುವೆ ಬೆಟ್ಟ ಇಳಿದವಳ ಧೈರ್ಯ ನೋಡಿ!

ಜಗಳ ಅಲ್ಲಿಗೇ ಮುಗಿಯಲಿಲ್ಲ. ಗೇಯೋರ್ಗ್ ಬಿಲ್ಗೇರಿ ಎಂಬ ಸೇನಾಧಿಕಾರಿ "ಒಂದು ಕೋಲಲ್ಲ, ಎರಡು ಬೇಕು" ಎಂದ. ಆಮೇಲೆ ಬಂದ ಹಾನ್ನೆಸ್ ಶ್ನೈಡರ್ ಆರ್ಲ್‌ಬರ್ಗ್ ಪ್ರಾಂತದ ಸೇಂಟ್ ಆಂಟನ್‌ನಲ್ಲಿ ಸ್ಕೀ ಶಾಲೆ ನಡೆಸಿ, ಪಾಠವನ್ನು ನಮ್ಮ ಒಂದನೇ ಕ್ಲಾಸು, ಎರಡನೇ ಕ್ಲಾಸಿನಂತೆ ಮೆಟ್ಟಿಲುಮೆಟ್ಟಿಲಾಗಿ ಜೋಡಿಸಿದ. 1937ರಲ್ಲಿ ಶಾಮೋನಿ ವಿಶ್ವಸ್ಪರ್ಧೆಯಲ್ಲಿ ಮೂರು ಚಿನ್ನ ಗೆದ್ದ ಫ್ರಾನ್ಸಿನ ಎಮಿಲ್ ಅಲ್ಲೆ, "ಮೊದಲಿನಿಂದಲೂ ಎರಡು ಹಲಗೆ ಜೋಡಿಯಾಗಿಯೇ ಇರಲಿ, ಮೈಯನ್ನು ತಿರುವಿನ ಕಡೆಗೇ ತಿರುಗಿಸಿ" ಎಂಬ ಮತದವನು. 1950ರ ದಶಕದಲ್ಲಿ ಆಸ್ಟ್ರಿಯಾದ ಸ್ಟೆಫಾನ್ ಕ್ರುಕೆನ್‌ಹೌಸರ್, "ಅಲ್ಲ, ಮೈ ಒಂದು ಕಡೆ, ಕಾಲು ಇನ್ನೊಂದು ಕಡೆ" ಎಂದು ತಿದ್ದಿದ. 1951ರಿಂದ ದೇಶದೇಶಗಳ ಸ್ಕೀ ಮೇಷ್ಟರುಗಳು 'ಇಂಟರ್‌ಸ್ಕೀ' ಎಂಬ ಸಮ್ಮೇಳನದಲ್ಲಿ ಸೇರಿ, ತಮ್ಮ ತಮ್ಮ ಪದ್ಧತಿಯನ್ನು ಹಿಮದ ಮೇಲೆ ಪ್ರದರ್ಶಿಸಿ ವಾದ ಹೂಡುತ್ತ ಬಂದಿದ್ದಾರೆ. ಬಿಸಿಬೇಳೆಭಾತಿಗೆ ಬೆಲ್ಲ ಹಾಕಬೇಕೇ ಬೇಡವೇ ಎಂಬ ನಮ್ಮ ವಾದದಂತೆ ಇದಕ್ಕೂ ಕೊನೆಯಿಲ್ಲ.

1990ರ ದಶಕದಲ್ಲಿ ನಡು ಸಣ್ಣಗಿರುವ, ತುದಿ-ಬುಡ ಅಗಲವಾಗಿರುವ ಹೊಸ ಹಲಗೆಗಳು ಬಂದವು. ವಾಲಿಸಿದರೆ ಸಾಕು, ಅವು ತಾವಾಗಿಯೇ ಬಾಗಿ ತಿರುಗುತ್ತವೆ. ಹಳೆಯ ಎಷ್ಟೋ ಪಾಠಗಳು ಅಟ್ಟ ಸೇರಿದವು. ಆದರೆ ಒಂದು ಮಾತು ಮಾತ್ರ ಉಳಿಯಿತು. ಹೊರಗಾಲಿನ ಮೇಲೆ ನಿಲ್ಲುವುದು, ಹಿಂದಕ್ಕೆ ವಾಲದಿರುವುದು, ಅಂಚನ್ನು ಹಿಡಿಯುವುದು-ಬಿಡುವುದು, ಇವು ಬಲ್ಲವರು ಯಾವ ಪದ್ಧತಿಯಲ್ಲೂ ಬೀಳಲಿಲ್ಲ.

ಸಮೋಸದ ಪಾಠ

ಇಂದಿಗೂ ಹೆಚ್ಚಿನ ಕಡೆ ಹೊಸಬರಿಗೆ ಮೊದಲ ಪಾಠ ಒಂದೇ. ಹಲಗೆಗಳ ಮುಂತುದಿ ಹತ್ತಿರ ತಂದು ಹಿಂಭಾಗವನ್ನು ಅಗಲಿಸಿ. ತ್ರಿಕೋನದಂತಾಗುತ್ತದೆ, ವೇಗ ತಗ್ಗುತ್ತದೆ. ಅಲ್ಲಿನ ಮಕ್ಕಳಿಗೆ ಇದನ್ನು "ಪಿಜ್ಜಾ ಮಾಡು" ಎನ್ನುತ್ತಾರೆ. ಹಲಗೆ ಸಮಾನಾಂತರವಾಗಿಟ್ಟರೆ "ಫ್ರೆಂಚ್ ಫ್ರೈ". ನಮ್ಮ ಮಕ್ಕಳಿಗಾದರೆ ಸಮೋಸ ಮತ್ತು ಶಾವಿಗೆ ಎನ್ನಬಹುದೇನೋ!

"ಈ ಸಮೋಸವೇ ತಪ್ಪು" ಎನ್ನುವ ಪಂಗಡವೊಂದಿದೆ. ಅಮೆರಿಕದ ತರಬೇತುದಾರ ಹೆರಾಲ್ಡ್ ಹಾರ್ಬ್ 1990ರ ದಶಕದಿಂದ ಹೇಳುತ್ತ ಬಂದ ಮಾತಿದು: ಹಲಗೆ ಅಗಲಿಸಿ ನಿಂತವರ ಭಾರ ಎರಡೂ ಕಾಲಿನ ಮೇಲೆ ಹಂಚಿಹೋಗುತ್ತದೆ, ಆ ಅಭ್ಯಾಸ ಒಮ್ಮೆ ಮೈಗೆ ಹತ್ತಿದರೆ ಬಿಡಿಸುವುದೇ ಮುಂದಿನ ದೊಡ್ಡ ಕೆಲಸವಾಗುತ್ತದೆ, ಆದ್ದರಿಂದ ಮೊದಲ ದಿನದಿಂದಲೇ ಜೋಡಿ ಹಲಗೆ ಕಲಿಸಿ. ಎದುರು ಪಂಗಡ ಕೇಳುತ್ತದೆ: "ಸರಿ ಸ್ವಾಮಿ, ಮೊದಲ ದಿನ ಬಂದವಳಿಗೆ ನಿಲ್ಲುವುದಕ್ಕೇ ಗೊತ್ತಿಲ್ಲದಿದ್ದರೆ ಅವಳು ಧೈರ್ಯವಾಗಿ ಕಲಿಯೋದು ಹೇಗೆ?"

ಇಬ್ಬರ ಮಾತಿನಲ್ಲೂ ಹುರುಳಿದೆ. ಆದರೆ ಈ ವಾದದಿಂದ ನಮಗೆ ಸಿಗುವ ತಿಳಿವಳಿಕೆ ಬೇರೆ. ಯಾವುದನ್ನು ಪದೇ ಪದೇ ಮಾಡುತ್ತೇವೋ ಅದು ಮೈಯಲ್ಲಿ ಕೂರುತ್ತದೆ. ಒಳ್ಳೆಯದಾದರೂ ಸರಿ, ಕೆಟ್ಟದ್ದಾದರೂ ಸರಿ. ಅಭ್ಯಾಸಕ್ಕೆ ಕಣ್ಣಿಲ್ಲ. ಕಣ್ಣು ನಮ್ಮದಿರಬೇಕು.

ಡ್ರಿಲ್ ಎಂದರೇನು?

ಡ್ರಿಲ್ ಎಂದರೆ ಶಾಲೆಯ ಮೈದಾನದ ಕವಾಯತು ನೆನಪಾದೀತು. ಹಿಮದ ಮೇಲಿನ ಡ್ರಿಲ್ ಹಾಗಲ್ಲ. ಪೂರ್ತಿ ಕೌಶಲದೊಳಗಿನ ಒಂದೇ ಎಳೆಯನ್ನು ಬಿಡಿಸಿ, ನಿಧಾನವಾಗಿ, ಅದೊಂದನ್ನೇ ತಿದ್ದಿಕೊಳ್ಳುವ ಬಗೆ. ಕೆಲವನ್ನು ನೋಡಿ.

ಪಕ್ಕಜಾರು: ಇಳಿಜಾರಿಗೆ ಅಡ್ಡಲಾಗಿ ನಿಲ್ಲುವುದು. ಅಂಚಿನ ಹಿಡಿತ ಸ್ವಲ್ಪ ಸಡಿಲಿಸಿದರೆ ನಿಂತಂತೆಯೇ ಕೆಳಕ್ಕೆ ಜಾರುತ್ತೀರಿ. ಅಂಚು ಒತ್ತಿದರೆ ನಿಲ್ಲುತ್ತೀರಿ. ನೋಡಲು ಏನೂ ಚೆಂದವಿಲ್ಲ. ಆದರೆ ಕೈಗೆ ಮೀರಿದ ಕಡಿದಾದ ಜಾಗಕ್ಕೆ ಬಂದು ಸಿಕ್ಕಿಬಿದ್ದಾಗ ಸುರಕ್ಷಿತವಾಗಿ ಕೆಳಗಿಳಿಸುವುದು ಇದೊಂದೇ.

ಕೊಕ್ಕರೆ ಕಾಲು: ತಿರುಗುವಾಗ ಒಳಗಾಲಿನ ಹಲಗೆಯ ಹಿಂಭಾಗವನ್ನು ನೆಲದಿಂದ ಎತ್ತುವುದು. ಭಾರ ಹೊರಗಾಲಿನ ಮೇಲಿದ್ದರಷ್ಟೇ ಅದು ಏಳುತ್ತದೆ. ಎತ್ತಲಾಗಲಿಲ್ಲವೇ? ತಪ್ಪು ಎಲ್ಲಿದೆ ಎಂದು ಯಾರೂ ಹೇಳಬೇಕಾಗಿಲ್ಲ.

ಸಾವಿರ ಹೆಜ್ಜೆ: ತಿರುವಿನುದ್ದಕ್ಕೂ ಪುಟ್ಟಪುಟ್ಟ ಹೆಜ್ಜೆ ಇಡುತ್ತಲೇ ತಿರುಗುವುದು. ಹಿಂದಕ್ಕೆ ವಾಲಿದವರಿಗೆ ಹೆಜ್ಜೆ ಕೀಳಲಾಗದು.

ತಟ್ಟೆ ಹಿಡಿಯುವುದು: ಎರಡೂ ಕೋಲನ್ನು ಅಡ್ಡಲಾಗಿ ಮುಂದೆ ಹಿಡಿದು ಇಳಿಯುವುದು. ತುಂಬಿದ ಕಾಫಿ ಲೋಟಗಳ ತಟ್ಟೆ ಹಿಡಿದು ಅಡಿಗೆಮನೆಯ ಹೊಸಲು ದಾಟುವಾಗ ನಿಮ್ಮ ಹೆಗಲು ಅಲುಗುತ್ತದೆಯೇ? ಕಾಲು ಎಷ್ಟು ಕೆಲಸ ಮಾಡಿದರೂ ಮೇಲ್ಮೈ ಶಾಂತ. ಅದೇ ಇಲ್ಲಿನ ಪಾಠ.

ಬೂಟಿನ ಪಟ್ಟಿ ಸಡಿಲ: ಗಟ್ಟಿ ಬೂಟಿನ ಆಸರೆಯಲ್ಲಿ ಒರಗಿ ನಿಲ್ಲುವ ಚಾಳಿ ಬಿಡಿಸಲು, ಪಟ್ಟಿ ಸಡಿಲಿಸಿ ಮೆತ್ತನೆಯ ಇಳಿಜಾರಿನಲ್ಲಿ ಇಳಿಯುವುದು. ಇದು ನುರಿತವರಿಗೆ ಮಾತ್ರ, ಅದೂ ಮೇಷ್ಟರ ಎದುರಿಗೆ.

"ಇದೆಲ್ಲ ದಂಡ" ಎನ್ನುವವರು

ಹೀಗೆ ಹೇಳುವವರು ಸೋಮಾರಿಗಳೆಂದು ತಿಳಿಯಬೇಡಿ. ಅವರ ಆಕ್ಷೇಪ ಗಟ್ಟಿಯಾದದ್ದೇ. ಡ್ರಿಲ್ ಮಾಡಿ ಮಾಡಿ ಜನ ಡ್ರಿಲ್‌ನಲ್ಲಿ ನಿಪುಣರಾಗುತ್ತಾರೆಯೇ ಹೊರತು ಬೆಟ್ಟ ಇಳಿಯುವುದರಲ್ಲಿ ಅಲ್ಲ. ಸಮತಟ್ಟಾದ ಜಾಗದಲ್ಲಿ ಕೊಕ್ಕರೆಯ ಹಾಗೆ ಚೆನ್ನಾಗಿ ಕಾಲೆತ್ತುವವಳು ಕಡಿದಾದ ಜಾಗಕ್ಕೆ ಹೋದೊಡನೆ ಹಳೆಯ ಹಾಗೇ ಹಿಂದಕ್ಕೆ ವಾಲುತ್ತಾಳೆ. ಏಕೆಂದರೆ ಅಲ್ಲಿ ವೇಗವಿದೆ, ಮಂಜುಗಡ್ಡೆಯಿದೆ, ಪಕ್ಕದಲ್ಲಿ ಸರ್ರನೆ ಹೋಗುವವರಿದ್ದಾರೆ, ಎಲ್ಲಕ್ಕಿಂತ ಮೇಲಾಗಿ ಭಯವಿದೆ. ಭಯವಿಲ್ಲದ ಜಾಗದಲ್ಲಿ ಕಲಿತದ್ದು ಭಯದ ಜಾಗದಲ್ಲಿ ಕೈ ಕೊಡುತ್ತದೆ.

ಇನ್ನೊಂದು ಮಾತು. ಕೆಲವು ಮೇಷ್ಟರು ಏಕೆ ಎಂದು ಹೇಳದೆ ಡ್ರಿಲ್ ಮಾಡಿಸುತ್ತಾರೆ. ಕಲಿಯುವವಳಿಗೆ ತನ್ನ ಯಾವ ತಪ್ಪಿಗೆ ಈ ಶಿಕ್ಷೆ ಎಂದೇ ಗೊತ್ತಿಲ್ಲ. ನಾಲ್ಕು ದಿನದ ರಜೆಗೆಂದು ದುಡ್ಡು ಕೂಡಿಸಿ ಬಂದಿರುತ್ತಾಳೆ. ಎರಡು ದಿನ ಒಂದೇ ಕಡೆ ಕಾಲೆತ್ತಿ ಇಳಿಸುವುದರಲ್ಲೇ ಕಳೆದರೆ ಬೇಸರ ಬರದೇ ಇದ್ದೀತೇ?

ಪ್ರಯೋಗಗಳು ಏನು ಹೇಳುತ್ತವೆ?

ಈ ವಾದವನ್ನು ಬಾಯಿಮಾತಿನಲ್ಲಿ ಬಿಡದೆ ಪರೀಕ್ಷಿಸಿ ನೋಡಿದವರೂ ಇದ್ದಾರೆ. 1978ರಲ್ಲಿ ಕೆರ್ ಮತ್ತು ಬೂತ್ ಎಂಬ ಸಂಶೋಧಕರು ಮಕ್ಕಳಿಗೆ ಬೀಜ ತುಂಬಿದ ಪುಟ್ಟ ಚೀಲಗಳನ್ನು ಗುರಿಗೆ ಎಸೆಯಲು ಹೇಳಿಕೊಟ್ಟರು. ಎಂಟು ವರ್ಷದ ಮಕ್ಕಳಲ್ಲಿ ಒಂದು ಗುಂಪು ಮೂರು ಅಡಿ ದೂರದಿಂದಲೇ ಎಸೆದು ಪಳಗಿತು. ಇನ್ನೊಂದು ಗುಂಪು ಎರಡು ಅಡಿ ಮತ್ತು ನಾಲ್ಕು ಅಡಿಯಿಂದ ಎಸೆಯಿತು. ಮೂರು ಅಡಿಯಿಂದ ಎಸೆಯಲೇ ಇಲ್ಲ. ಕೊನೆಯ ಪರೀಕ್ಷೆ ಇಟ್ಟದ್ದು ಮೂರು ಅಡಿಗೆ. ಗೆದ್ದವರಾರು? ಎರಡನೆಯ ಗುಂಪು! ಒಂದೇ ಅಚ್ಚಿನಲ್ಲಿ ತಿದ್ದುವುದಕ್ಕಿಂತ ಬದಲಿಸಿ ಬದಲಿಸಿ ತಿದ್ದುವುದು ಮೇಲು ಎಂಬುದಕ್ಕೆ ಇದೊಂದು ಸಾಕ್ಷಿ.

1998ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗ ಸ್ಕೀ ಕಲಿಯುವವರಿಗೆ ಇನ್ನೂ ಹತ್ತಿರದ್ದು. ಗಾಬ್ರಿಯೆಲೆ ವುಲ್ಫ್ ಎಂಬ ಮಹಿಳಾ ವಿಜ್ಞಾನಿ ಮತ್ತು ಅವರ ಸಹೋದ್ಯೋಗಿಗಳು ಸ್ಕೀ ಚಲನೆಯನ್ನು ಹೋಲುವ ಒಂದು ಯಂತ್ರವನ್ನು ಬಳಸಿದರು. ಚಕ್ರವಿರುವ ಪೀಠ, ಬಾಗಿದ ಕಂಬಿಗಳು; ಪೀಠದ ಮೇಲೆ ನಿಂತು ಎಡಕ್ಕೂ ಬಲಕ್ಕೂ ತೂಗಬೇಕು. ಒಂದು ಗುಂಪಿಗೆ "ನಿಮ್ಮ ಹೊರಗಾಲನ್ನು ಒತ್ತುವುದರ ಮೇಲೆ ಗಮನ ಕೊಡಿ" ಎಂದರು. ಇನ್ನೊಂದು ಗುಂಪಿಗೆ "ಕಾಲಿನ ಕೆಳಗಿರುವ ಚಕ್ರವನ್ನು ಒತ್ತುವುದರ ಮೇಲೆ ಗಮನ ಕೊಡಿ" ಎಂದರು. ವ್ಯತ್ಯಾಸ ಬೆರಳೆಣಿಕೆಯ ಅಂತರದ್ದು. ಆದರೂ ಚಕ್ರದ ಮೇಲೆ ಗಮನವಿಟ್ಟವರು ಹೆಚ್ಚು ಚೆನ್ನಾಗಿ ಕಲಿತರು, ಕಲಿತದ್ದನ್ನು ಉಳಿಸಿಕೊಂಡರು.

ಇದೇನು ಸೋಜಿಗ ಅಂತೀರಾ? ಚಪಾತಿ ಲಟ್ಟಿಸುವಾಗ ನೀವು ಮಣಿಕಟ್ಟನ್ನು ನೋಡುತ್ತೀರೋ, ಚಪಾತಿಯ ಅಂಚನ್ನು ನೋಡುತ್ತೀರೋ? ಮಣಿಕಟ್ಟಿನ ಮೇಲೆ ಗಮನವಿಟ್ಟು ಲಟ್ಟಿಸಿ ನೋಡಿ, ಚಪಾತಿ ಭೂಪಟವಾಗುತ್ತದೆ. "ಮೊಣಕಾಲು ಬಗ್ಗಿಸು, ಸೊಂಟ ಮುಂದಕ್ಕೆ, ಕೈ ಇಲ್ಲಿ" ಎಂದು ಮೈಯ ಒಂದೊಂದು ಭಾಗವನ್ನೂ ಕೂಗಿ ಹೇಳುವ ಮೇಷ್ಟರಿಗಿಂತ, "ಹಲಗೆಯ ಅಂಚು ಹಿಮದಲ್ಲಿ ಗೀರು ಎಳೆಯುತ್ತಿದೆಯೇ ನೋಡು" ಎನ್ನುವ ಮೇಷ್ಟರೇ ಮೇಲು ಎಂದಾಯಿತು. ಡ್ರಿಲ್ ಮಾಡಿಸುವುದಷ್ಟೇ ಅಲ್ಲ, ಅದನ್ನು ಯಾವ ಮಾತಿನಲ್ಲಿ ಹೇಳುತ್ತಾರೆ ಎಂಬುದೂ ಮುಖ್ಯ.

ಮೊಣಕಾಲಿನ ಪ್ರಶ್ನೆ

ಹೆಂಗಸರು ಈ ವಿಷಯದಲ್ಲಿ ಇನ್ನೂ ಎಚ್ಚರವಾಗಿರಬೇಕು. ಮೊಣಕಾಲಿನ ಒಳಗೆ ಎಲುಬುಗಳನ್ನು ಬಿಗಿದಿಡುವ ಒಂದು ಅಡ್ಡ ಅಸ್ಥಿರಜ್ಜು ಇದೆ. ಸ್ಕೀ ಆಟದಲ್ಲಿ ಅದು ಹರಿಯುವುದು ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಹರಿಯುವ ಒಂದು ಮುಖ್ಯ ರೀತಿ ಹೀಗೆ: ಮೈ ಹಿಂದಕ್ಕೆ ವಾಲುತ್ತದೆ, ಸೊಂಟ ಮೊಣಕಾಲಿಗಿಂತ ಕೆಳಗಿಳಿಯುತ್ತದೆ, ಭಾರವೆಲ್ಲ ಕೆಳಗಿನ ಹಲಗೆಯ ಒಳ ಅಂಚಿನ ಮೇಲೆ ಬೀಳುತ್ತದೆ. ಆಗ ಹಲಗೆಯ ಹಿಂತುದಿ ಸನ್ನೆಗೋಲಿನಂತೆ ಮೊಣಕಾಲನ್ನು ತಿರುಚುತ್ತದೆ. ಮುಂಚೆ ಹೇಳಿದ ಆ ಭಯದ ಭಂಗಿ ನೆನಪಿದೆಯೇ? ಅದರ ಕೊನೆಯ ಮೆಟ್ಟಿಲು ಇದು.

ಅಮೆರಿಕದ ವರ್ಮಾಂಟ್‌ನ ಸಂಶೋಧಕರು ಈ ಬೀಳುವ ರೀತಿಯನ್ನು ಚಲನಚಿತ್ರದಲ್ಲಿ ತೋರಿಸಿ, ಹೇಗೆ ತಪ್ಪಿಸಿಕೊಳ್ಳಬೇಕೆಂದು ಸ್ಕೀ ಮೇಷ್ಟರುಗಳಿಗೂ ಬೆಟ್ಟದ ಕಾವಲಿನವರಿಗೂ ಕಲಿಸಿದರು. 1993-94ರ ಹಂಗಾಮಿನಲ್ಲಿ ತರಬೇತಿ ಪಡೆದವರಲ್ಲಿ ಮೊಣಕಾಲಿನ ಗಂಭೀರ ಗಾಯಗಳು ಶೇಕಡಾ 62ರಷ್ಟು ಇಳಿದವು ಎಂದು 1995ರಲ್ಲಿ ವರದಿ ಮಾಡಿದರು. ಕಲಿಸಿದ್ದು ಬಹಳ ಸರಳ. ಸಮತೋಲ ತಪ್ಪಿದಾಗ ಕೈ ಮುಂದಕ್ಕೆ, ಕಾಲುಗಳನ್ನು ಹತ್ತಿರಕ್ಕೆ ತನ್ನಿ. ಬಿದ್ದ ಮೇಲೆ ಜಾರುತ್ತಿರುವಾಗಲೇ ಏಳಲು ಹೋಗಬೇಡಿ, ಪೂರ್ತಿ ನಿಂತ ಮೇಲೆ ಏಳಿ. ಬೀಳುವಾಗ ಕಾಲನ್ನು ನೆಟ್ಟಗೆ ಚಾಚಬೇಡಿ. "ಬೀಳುವುದನ್ನೂ ಕಲಿಯಬೇಕೇ?" ಎಂದು ನಕ್ಕವರು ಈ ಲೆಕ್ಕ ನೋಡಿ ಸುಮ್ಮನಾಗಬೇಕು.

ತಾಯಿ-ಮಗಳ ಜೋಡಿ

ಇಷ್ಟು ವಾದ ಕೇಳಿದ ಮೇಲೆ, ಡ್ರಿಲ್ ಮಾಡಿ ಮೇಲೆ ಬಂದವರು ಯಾರಾದರೂ ಇದ್ದಾರೆಯೇ ಎಂದು ನೀವು ಕೇಳುವುದು ನ್ಯಾಯ. ಇದ್ದಾರೆ. ಅಮೆರಿಕದ ಮಿಕಾಯೆಲಾ ಶಿಫ್ರಿನ್. ಹುಟ್ಟಿದ್ದು 1995ರಲ್ಲಿ. ನರ್ಸ್ ಆಗಿದ್ದ ತಾಯಿ ಐಲೀನ್ ಅವಳ ತರಬೇತುದಾರರಲ್ಲಿ ಒಬ್ಬಳು. ಓರಗೆಯ ಹುಡುಗಿಯರು ಊರೂರಿಗೆ ಸ್ಪರ್ಧೆಗೆಂದು ಓಡಾಡುತ್ತಿದ್ದಾಗ ಈ ಮನೆಯವರ ಲೆಕ್ಕ ಬೇರೆಯಿತ್ತು. ಒಂದು ಸ್ಲಾಲಮ್ ಸ್ಪರ್ಧೆಗೆ ಪ್ರಯಾಣ, ಕಾಯುವುದು ಎಲ್ಲ ಸೇರಿ ಇಡೀ ದಿನ ಹೋಗುತ್ತದೆ. ಹಿಮದ ಮೇಲೆ ಓಡುವುದು ಎರಡು ಸರದಿ, ಒಂದೊಂದೂ ಸುಮಾರು ಒಂದು ನಿಮಿಷ. ಅದೇ ದಿನ ಅಭ್ಯಾಸ ಮಾಡಿದರೆ ಅದರ ಎಷ್ಟೋ ಪಟ್ಟು ತಿರುವುಗಳು ಮೈಗೆ ದಕ್ಕುತ್ತವೆ. ಹಾಗಾಗಿ ಸ್ಪರ್ಧೆ ಕಡಿಮೆ, ಅಭ್ಯಾಸ ಹೆಚ್ಚು. ಮನೆಖರ್ಚು ತೂಗಿಸುವ ಗೃಹಿಣಿಗೆ ಈ ಲೆಕ್ಕ ಚೆನ್ನಾಗಿ ಅರ್ಥವಾಗುತ್ತದೆ, ಅಲ್ಲವೇ?

2014ರ ಸೋಚಿ ಒಲಿಂಪಿಕ್ಸ್‌ನಲ್ಲಿ, ಹದಿನೆಂಟನೆಯ ವಯಸ್ಸಿಗೇ, ಸ್ಲಾಲಮ್ ಚಿನ್ನ ಗೆದ್ದಳು. 2023ರ ಮಾರ್ಚ್‌ನಲ್ಲಿ ಸ್ವೀಡನ್ನಿನ ಇಂಗೆಮಾರ್ ಸ್ಟೆನ್‌ಮಾರ್ಕ್‌ನ 86 ವಿಶ್ವಕಪ್ ಗೆಲುವುಗಳ ದಾಖಲೆಯನ್ನು ದಾಟಿದಳು. 2024ರ ನವೆಂಬರಿನಲ್ಲಿ ಕಿಲ್ಲಿಂಗ್ಟನ್‌ನಲ್ಲಿ ನೂರನೆಯ ಗೆಲುವಿಗೆ ಹೊರಟವಳು ಬಿದ್ದಳು. ಹೊಟ್ಟೆಯ ಪಕ್ಕಕ್ಕೆ ಏನೋ ಚುಚ್ಚಿ ಆಳವಾದ ಗಾಯವಾಯಿತು, ಶಸ್ತ್ರಚಿಕಿತ್ಸೆ ಬೇಕಾಯಿತು. ಗಾಯ ಮಾಯ್ದರೂ ಭಯ ಮಾಯಲಿಲ್ಲ. ವೇಗದ ಇಳಿಜಾರಿನಲ್ಲಿ ಮನಸ್ಸು ಹಿಂಜರಿಯುತ್ತದೆ ಎಂದು ಅವಳೇ ಬಾಯಿಬಿಟ್ಟು ಹೇಳಿದಳು. ಮುಂದಿನ ಫೆಬ್ರವರಿಯಲ್ಲಿ, ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ, ತಾನು ಬಿದ್ದ ಬಗೆಯ ಸ್ಪರ್ಧೆಯಿಂದ ಹಿಂದೆ ಸರಿದಳು. ಅದೇ ತಿಂಗಳು 23ರಂದು ಇಟಲಿಯ ಸೆಸ್ಟ್ರಿಯೆರೆಯಲ್ಲಿ ತನಗೆ ಬಾಲ್ಯದಿಂದ ಮೈಗೂಡಿದ ಸ್ಲಾಲಮ್‌ನಲ್ಲಿ ನೂರನೆಯ ಗೆಲುವನ್ನೂ ಪಡೆದಳು. ಮನಸ್ಸು ಹೆದರಿದ ಹೊತ್ತಿನಲ್ಲಿ ಆಸರೆಯಾಗುವುದು ಹಳೆಯ ಅಭ್ಯಾಸವೇ.

ಜಗಳ ಆರಂಭಿಸಿದ ಜ್ಡಾರ್ಸ್ಕಿಯ ಕಥೆಯೂ ಹಾಗೇ. 1916ರಲ್ಲಿ, ಮೊದಲ ಮಹಾಯುದ್ಧದ ನಡುವೆ, ಹಿಮಪಾತದಡಿ ಸಿಕ್ಕಿ ಅವನ ಮೈಯಲ್ಲಿ ಸುಮಾರು 80 ಕಡೆ ಎಲುಬು ಮುರಿದು, ಕೀಲು ತಪ್ಪಿದ್ದವು. ಆಗ ಅವನಿಗೆ ಅರವತ್ತು ವರ್ಷ. ತಾನೇ ವ್ಯಾಯಾಮಗಳನ್ನು ರೂಪಿಸಿಕೊಂಡು, ಮತ್ತೆ ಹಲಗೆ ಕಟ್ಟಿ ನಿಂತ.

ನಮ್ಮ ಹುಡುಗಿಯರು

ನಮ್ಮ ದೇಶದವರು ಹಿಂದೆ ಬಿದ್ದಿಲ್ಲ. 1988ರ ಕ್ಯಾಲ್ಗರಿ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಶೈಲಜಾ ಕುಮಾರ್ ಸ್ಲಾಲಮ್ ಇಳಿದು 28ನೆಯವಳಾಗಿ ಗುರಿ ಮುಟ್ಟಿದಳು. ಚಳಿಗಾಲದ ಒಲಿಂಪಿಕ್ಸ್‌ಗೆ ಹೋದ ಮೊದಲ ಭಾರತೀಯ ಮಹಿಳೆ ಅವಳೇ. ಮನಾಲಿಯ ಆಂಚಲ್ ಠಾಕೂರ್ 2018ರಲ್ಲಿ ಟರ್ಕಿಯಲ್ಲಿ ಕಂಚು ಗೆದ್ದಳು. ಇನ್ನು ನಮ್ಮ ಕೊಡಗಿನ ಭವಾನಿ ತೆಕ್ಕಡ ನಂಜುಂಡ! ಕಾಫಿ ತೋಟಗಳ ನಾಡಿನ ಈ ಹುಡುಗಿ 2025ರಲ್ಲಿ ದಕ್ಷಿಣ ಅಮೆರಿಕದ ಚಿಲಿಯಲ್ಲಿ, ಹಿಮದ ಬಯಲಿನಲ್ಲಿ ದೂರ ಸಾಗುವ ಕ್ರಾಸ್ ಕಂಟ್ರಿ ಸ್ಕೀಯ 5 ಕಿಲೋಮೀಟರ್ ಸ್ಪರ್ಧೆಯಲ್ಲಿ ಕಂಚು ಗೆದ್ದಳು.

ಹಿಮವಿಲ್ಲದ ನಾಡಿನವರು ಇಂಥ ಆಟವನ್ನು ಹೇಗೆ ಕಲಿತಾರು? ಕ್ರಾಸ್ ಕಂಟ್ರಿಯವರು ಹಿಮವಿಲ್ಲದ ತಿಂಗಳುಗಳಲ್ಲಿ ಚಕ್ರ ಹಾಕಿದ ಮೋಟು ಸ್ಕೀ ಕಟ್ಟಿಕೊಂಡು ಟಾರು ರಸ್ತೆಯ ಮೇಲೆ ಅಭ್ಯಾಸ ಮಾಡುತ್ತಾರೆ. ನಾರ್ವೆಯವರೂ ಬೇಸಿಗೆಯಲ್ಲಿ ಮಾಡುವುದು ಇದನ್ನೇ. ಅಂದರೆ, ಹಿಮ ಕಾಣದ ಊರಿನವರಿಗೆ ಡ್ರಿಲ್ ಎಂಬುದು ಬೇಕೇ ಬೇಡವೇ ಎಂಬ ಚರ್ಚೆಯ ವಸ್ತುವೇ ಅಲ್ಲ. ಅದೇ ದಾರಿ.

ನೀವು ಹೋಗುವುದಾದರೆ

ಈಗ ನಮ್ಮ ಊರುಗಳಿಂದಲೂ ಕಾಶ್ಮೀರದ ಗುಲ್ಮಾರ್ಗ್, ಉತ್ತರಾಖಂಡದ ಔಲಿ, ಮನಾಲಿಯ ಹತ್ತಿರದ ಸೋಲಾಂಗ್ ಕಣಿವೆಗೆ ಪ್ರವಾಸ ಹೋಗುವವರಿದ್ದಾರೆ. ಅಲ್ಲಿ ಹಲಗೆ ಬಾಡಿಗೆಗೆ ಸಿಗುತ್ತದೆ, ಕಲಿಸುವವರೂ ಇದ್ದಾರೆ. ಫೋಟೋ ತೆಗೆಸಿಕೊಂಡು ಬರುವುದಕ್ಕಿಂತ ಒಂದೆರಡು ದಿನ ಕಲಿಯುವ ಮನಸ್ಸಿದ್ದರೆ ಇಷ್ಟು ನೆನಪಿಡಿ.

ಮನೆಯಲ್ಲೇ ತಿಂಗಳ ಮುಂಚೆ ಶುರು ಮಾಡಿ. ಹಲ್ಲುಜ್ಜುವಾಗ ಅರ್ಧ ನಿಮಿಷ ಒಂದೇ ಕಾಲಿನ ಮೇಲೆ ನಿಲ್ಲಿ, ಆಮೇಲೆ ಇನ್ನೊಂದು ಕಾಲು. ಗೋಡೆಗೆ ಬೆನ್ನು ಕೊಟ್ಟು, ಕುರ್ಚಿ ಇದೆಯೆಂಬಂತೆ ಕುಳಿತು ಹತ್ತು-ಹದಿನೈದು ಎಣಿಸಿ, ದಿನದಿನಕ್ಕೆ ಹೆಚ್ಚಿಸಿ. ಮೊಣಕಾಲು ನೋವು, ರಕ್ತದೊತ್ತಡ ಇರುವವರು, ಬಸುರಿಯರು ವೈದ್ಯರನ್ನು ಕೇಳದೆ ಈ ಸಾಹಸಕ್ಕೆ ಕೈ ಹಾಕಬೇಡಿ. ಗುಲ್ಮಾರ್ಗ್ ಇರುವುದೇ ಸುಮಾರು 2,650 ಮೀಟರ್ ಎತ್ತರದಲ್ಲಿ. ಮೊದಲ ದಿನ ಏದುಸಿರು ಬರುತ್ತದೆ, ಅವಸರ ಬೇಡ.

ಕಲಿಸುವವರು ಏನಾದರೂ ಮಾಡಿಸಿದಾಗ ಸಂಕೋಚಪಡದೆ ಕೇಳಿ: "ಇದು ನನ್ನ ಯಾವ ತಪ್ಪಿಗೆ? ಸರಿಯಾದರೆ ನನಗೆ ಹೇಗೆ ಗೊತ್ತಾಗುತ್ತೆ?" ಉತ್ತರ ಕೊಡುವವರು ಒಳ್ಳೆಯ ಮೇಷ್ಟರು. ಹತ್ತು ನಿಮಿಷ ಡ್ರಿಲ್ ಮಾಡಿದ ಮೇಲೆ ಅದೇ ಹೊತ್ತಿನಲ್ಲಿ ಒಂದೆರಡು ಸಲ ಸಹಜವಾಗಿ ಇಳಿಯಿರಿ. ಮತ್ತೆ ಡ್ರಿಲ್, ಮತ್ತೆ ಇಳಿಯುವುದು. ಇಳಿಜಾರನ್ನೂ ಬದಲಿಸುತ್ತಿರಿ, ಆದರೆ ಒಂದೊಂದೇ ಮೆಟ್ಟಿಲು ಏರಿಸಿ. ಹೆದರಿಕೆಯಾದ ಕಡೆ ಜಂಬ ಬೇಡ, ಪಕ್ಕಜಾರಿ ಇಳಿದುಬಿಡಿ. ದಣಿದ ಮೇಲೆ "ಇನ್ನೊಂದೇ ಒಂದು ಸಲ" ಎನ್ನುವ ಆಸೆ ಬೇಡವೇ ಬೇಡ.

ಡ್ರಿಲ್ ಎಂಬುದು ಔಷಧದ ಹಾಗೆ. ಯಾವ ಕಾಯಿಲೆಗೆ ಎಂದು ತಿಳಿದು, ಅಳತೆಗೆ ತಕ್ಕಷ್ಟು ತೆಗೆದುಕೊಂಡರೆ ಗುಣ. ಔಷಧವನ್ನೇ ಊಟ ಮಾಡಿಕೊಂಡರೂ ಕಷ್ಟ, ಕಹಿಯೆಂದು ಚೆಲ್ಲಿದರೂ ಕಷ್ಟ. ಮಗಳ ಸಂಗೀತದ ಮೇಷ್ಟರೂ ಸರಿ, ಮೂತಿ ಉದ್ದ ಮಾಡುವ ಮಗಳೂ ಸರಿ. ಇಂದಿನ ವರಸೆ ಮುಗಿದ ಮೇಲೆ ಒಂದು ಪುಟ್ಟ ದೇವರನಾಮವನ್ನೂ ಹಾಡಿಸಿ ಎಂದು ಮೇಷ್ಟರನ್ನು ಕೇಳಿ ನೋಡಿ. ನಾಳೆ ಅವಳೇ ತಂಬೂರಿ ತೆಗೆದುಕೊಂಡು ಕೂರುತ್ತಾಳೆ.